ಸೇತುವೆ ದಾಟದ ಮಷೀನು

ಗಂಗಾವತಿ ಕಡೆಯ ಆ ಊರಲ್ಲಿ ಬರೀ ಯಂಕೇಶ ಅಂದರೆ ಯಾರಿಗೂ ತಿಳಿಯುವುದಿಲ್ಲ. ಮಿಲಿಟರಿ ಯಂಕೇಶ ಅನ್ನಬೇಕು. ಸೈನ್ಯದಲ್ಲಿ ಟ್ಯಾಂಕ್ ರಿಪೇರಿ ಮಾಡಿ, ಪಿಂಚಣಿ ಪಡೆದು ಊರು ಸೇರಿದ ಮನುಷ್ಯ. ಮೀಸೆ ದಪ್ಪ, ಮಾತು ಅದಕ್ಕಿಂತ ದಪ್ಪ. ನಾಹೀದಾಳ ಚಹಾದಂಗಡಿಯ ಕಟ್ಟೆಯ ಮೇಲೆ ಕೂತನೆಂದರೆ ಅಮೆರಿಕದ ಹಳೆಯ ಟ್ಯಾಂಕಿನ ಕಥೆ ಬಿಚ್ಚಿದನೆಂದೇ ತಿಳಿಯಬೇಕು. ಅದು ತರಬೇತಿಯಲ್ಲಿ ಉಸ್ತಾದರೊಬ್ಬರು ಹೇಳಿದ ಕಥೆಯಂತೆ.

“ಎರಡನೇ ಮಹಾಯುದ್ಧದಾಗ ಅಮೆರಿಕದೋರು ಒಂದು ಟ್ಯಾಂಕ್ ಮಾಡಿದ್ರಪಾ, ಎಂ-ಸಿಕ್ಸ್ ಅಂತ. ಐವತ್ತು ಟನ್ನಿಗೂ ಮ್ಯಾಲ ತೂಕ! ಅಕ್ಕಿ ಗಿರಣಿ ಎದ್ದು ನಡದಂಗ. ಅದು ತಯಾರಾಗೂದ್ರಾಗ ದಂಡಿನ ದೊಡ್ಡ ಸಾಹೇಬ್ರು ಬ್ಯಾಡ ಅಂದ್ರು. ಇದೊಂದನ್ನ ಹಡಗಿನ್ಯಾಗ ಹೇರೂ ಬದ್ಲಿ ಸಣ್ಣವು ಎರಡು ಹೇರಬಹುದು, ಇದರ ಭಾರ ಸೇತುವಿ ತಡಿಯಂಗಿಲ್ಲ ಅಂದ್ರು. ನಲವತ್ತು ಮಾಡಿದ್ರು, ಒಂದೂ ಯುದ್ಧ ನೋಡ್ಲಿಲ್ಲ! ಊರೂರು ಮೆರವಣಿಗಿ ಮಾಡಿಸಿ, ಹಳೇ ಕಾರು ತುಳಿಸಿ ಮಂದಿಗೆ ತೋರಿಸಿದ್ರು, ಅಷ್ಟ.”

ಹೇಳಿ ತೊಡೆ ತಟ್ಟಿ ನಗುತ್ತಿದ್ದ. ಕೂತವರೂ ನಗುತ್ತಿದ್ದರು.

ಇಂಥವನಿಗೆ ಸ್ವಂತದ್ದೊಂದು ಕೊಯ್ಲಿನ ಯಂತ್ರ ಕಟ್ಟುವ ಹುಚ್ಚು ಹತ್ತಿತು. ಭತ್ತದ ಕೆಸರಿಗೆ ಗಾಲಿಯದು ಇಳಿಯುವುದಿಲ್ಲ. ಟ್ಯಾಂಕಿನಂತೆ ಚೈನಿನ ಮೇಲೆ ಓಡುವ ಮಷೀನೇ ಬೇಕು. ಸುಗ್ಗಿಯಲ್ಲಿ ಅಂಥವು ಹೊರಗಿನಿಂದ ಬಾಡಿಗೆಗೆ ಬರುತ್ತವೆ. ಯಂಕೇಶ ಹಳೆಯದೊಂದನ್ನು ತಂದು ವೆಲ್ಡಿಂಗ್ ಮುದುಕಪ್ಪನ ಶೆಡ್ಡಿನಲ್ಲಿ ಬಿಚ್ಚಿಸಿದ. ತಗಡು ಇದ್ದಲ್ಲೆಲ್ಲ ದಪ್ಪ ಪ್ಲೇಟು ಹೊಡೆಸಿದ, ಲಾರಿಯ ಎಂಜಿನ್ನು ಕೂರಿಸಿದ.

“ಇದು ಗದ್ದಿಗಿ ಇಳಿಯೂದೋ, ಗಡಿಗೆ ಹೋಗೂದೋ?” ಎಂದಳು ಹೆಂಡತಿ ಕವಿತಾ.

“ನಿನಗೇನ್ ತಿಳೀತೈತಿ? ಗಟ್ಟಿ ಇದ್ರ ಮೂರು ತಲಿಮಾರು ಬರತೈತಿ.”

ಬೇಸಿಗೆಯ ಬೆಳೆ ಕೊಯ್ಲಿಗೆ ಬಂತು. ಉಪಕಾಲುವೆಯಾಚೆ ಗದ್ದೆಯಿದ್ದ ಕರಿಯವ್ವ, ಗಂಡ ಹೋದ ಮೇಲೆ ಒಬ್ಬಳೇ ಬೇಸಾಯ ಮಾಡುವವಳು, ಎಲ್ಲರಿಗಿಂತ ಮೊದಲು ಯಂಕೇಶನಿಗೆ ವೀಳ್ಯ ಕೊಟ್ಟಳು. ವೀಳ್ಯ ಕೊಟ್ಟ ಮೇಲೆ ಕೆಲಸ ಇನ್ನೊಬ್ಬರಿಗೆ ಒಪ್ಪಿಸುವ ರೂಢಿ ಆ ಊರಲ್ಲಿಲ್ಲ. ಬಾಡಿಗೆ ಮಷೀನಿನವನು ಬಾಗಿಲಿಗೆ ಬಂದಾಗಲೂ, “ನಮ್ಮ ಯಂಕೇಶಗ ವೀಳ್ಯ ಕೊಟ್ಟೀನ್ರಿ” ಎಂದು ಕಳಿಸಿಬಿಟ್ಟಳು. ಅವನು ಅಕ್ಕಪಕ್ಕದವರದ್ದೆಲ್ಲ ಕೊಯ್ದು ಮುಗಿಸಿದ.

ಯಂಕೇಶ ಮಾತ್ರ ಒಳ್ಳೆಯ ದಿನ ನೋಡುತ್ತ ಕೂತಿದ್ದ. ಆ ದಿನ ಬಂದಾಗಲೂ ನೆಟ್ಟಗೆ ಗದ್ದೆಗೆ ಹೋದನೇ? ಮಷೀನಿಗೆ ಚೆಂಡುಹೂವಿನ ಹಾರ ಹಾಕಿ, ಡೊಳ್ಳು ಬಡಿಸಿಕೊಂಡು ಊರೆಲ್ಲ ಸುತ್ತಿದ. ಆಮೇಲೆ ಉಪಕಾಲುವೆಯ ಚಪ್ಪಡಿ ಸೇತುವೆ ಹತ್ತಿಸಿದ. ಅರ್ಧ ಹತ್ತಿರಲಿಲ್ಲ, ಚಪ್ಪಡಿ ಲಟ್ಟೆಂದು ಸೀಳಿತು. ಹೇಗೋ ಹಿಂದಕ್ಕೆ ತಂದ. ಜೀವ ಉಳಿಯಿತು, ಮಾನ ಉಳಿಯಲಿಲ್ಲ. ಸೇತುವೆಯ ಮಾತನ್ನು ಊರಿಗೆಲ್ಲ ಹೇಳಿ ನಗಿಸಿದವನು ತನ್ನೂರಿನ ಸೇತುವೆಯನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ನಿಂತ ಮಂದಿಯಲ್ಲಿ ಯಾರೂ ನಗಲಿಲ್ಲ. ಅವನ ಕಿವಿಗೆ ಮಾತ್ರ ಕಟ್ಟೆಯ ಮೇಲಿನ ತನ್ನದೇ ನಗು ಕೇಳಿಸುತ್ತಿತ್ತು.

ಸೀಳಿದ ಸೇತುವೆಯನ್ನು ಈಗ ಬಾಡಿಗೆ ಮಷೀನೂ ದಾಟುವಂತಿರಲಿಲ್ಲ. ಕೂಲಿಯವರನ್ನು ಹುಡುಕುವಷ್ಟರಲ್ಲಿ ಗಾಳಿ ಮಳೆ ಹೊಡೆದು ಕರಿಯವ್ವನ ಪೈರು ಮಲಗಿತು, ತೆನೆಯಲ್ಲೇ ಮೊಳಕೆಯೊಡೆಯಿತು. ಯಂಕೇಶ ತನ್ನ ಮನೆಯ ಭತ್ತದ ಚೀಲ ಹೊತ್ತು ಅವಳ ಬಾಗಿಲಿಗೆ ಹೋದ.

“ಇದು ನಾ ಬೆಳದ ನೆಲ್ಲಲ್ಲ, ಒಯ್ಯಿ” ಎಂದಳು ಅವಳು. ದನಿ ಏರಿಸಲಿಲ್ಲ.

ಅಂದಿನಿಂದ ಯಂಕೇಶ ಚಹಾದಂಗಡಿ ಬಿಟ್ಟ. ಅವಳ ಮನೆ ಎದುರಾದೀತೆಂದು ಸುತ್ತು ದಾರಿ ಹಿಡಿದ. ಉಣ್ಣಲು ಕೂತರೆ ತಟ್ಟೆಯ ಅನ್ನ ನೋಡಿಯೇ ನಾಚಿಕೆಯಾಗುತ್ತಿತ್ತು. ಗಣೇಶನ ಹಬ್ಬಕ್ಕೆ ಓಣಿಯ ಹುಡುಗರು ಬಂದು, “ಕಾಕಾ, ಮೆರವಣಿಗಿಗೆ ಗಣಪ್ಪನ್ನ ನಿಮ್ಮ ಮಷೀನಿನ ಮ್ಯಾಲ ಕೂಡಸ್ತೀವ್ರಿ. ಹೆಂಗೂ ಸುಮ್ನ ನಿಂತೈತಲ್ರಿ” ಎಂದರು. ಅವರು ಚೇಷ್ಟೆ ಮಾಡುತ್ತಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಆಯುಧಪೂಜೆಯ ದಿನ ಮಷೀನು ತೊಳೆಯುವ ಮನಸ್ಸೂ ಇಲ್ಲದೆ ಅಂಗಳದಲ್ಲಿ ಕೂತಿದ್ದಾಗ ಕರಿಯವ್ವ ಕಾಯಿ ಹಿಡಿದು ಬಂದಳು. ಯಂಕೇಶ ಗಾಬರಿಯಾಗಿ ಎದ್ದ.

“ಬೈದುಬಿಡು ಅತ್ತಿ. ಊರಾಗ ಎಲ್ಲಾರೂ ಬೈದ್ರು, ನೀ ಒಬ್ಬಾಕಿ ಬೈಲಿಲ್ಲ.”

ಅವಳು ಮಷೀನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದಳು. “ಕಬ್ಬಿಣದ್ದೇನ್ ತಪ್ಪೈತಿ?” ಎಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಎಲೆ ಅಡಿಕೆ ತೆಗೆದು ಅವನ ಮುಂದೆ ಹಿಡಿದಳು. “ತಗೋ. ಈ ಸಲದ ಕೊಯ್ಲಿಗಿ ವೀಳ್ಯ.”

“ಅತ್ತಿ, ಸೇತುವಿ ಇನ್ನೂ ಕಟ್ಟಿಲ್ಲ. ಮಷೀನು ದಾಟಂಗಿಲ್ಲ.”

“ವೀಳ್ಯ ಮಷೀನಿಗಲ್ಲೋ ತಮ್ಮಾ, ನಿನಗ. ನೀ ದಾಟತೀಯಲ್ಲ? ಕುಡಗೋಲು ತಗೊಂಡು ಬಾ.”

ಯಂಕೇಶ ಎರಡೂ ಕೈಯೊಡ್ಡಿ ವೀಳ್ಯ ತೆಗೆದುಕೊಂಡ. ತಲೆ ಎತ್ತಿ ಅವಳ ಮುಖ ನೋಡಲು ಮಾತ್ರ ಅವನಿಂದ ಆಗಲಿಲ್ಲ.