ಕನ್ನಡಿಗೆ ಕಟ್ಟಿದ ಗಂಟೆ

ಕಲ್ಯದ ಕೃಷ್ಣಮ್ಮ ಕುರಿ ಮಾರಿದ ಮೇಲೂ ಅವರ ನಾಯಿ ಬಂಟ ಕೆಲಸ ಬಿಡಲಿಲ್ಲ. ಮಂಡಿನೋವಿನಿಂದ ಅವರಿಗೆ ಮಂದೆಯ ಹಿಂದೆ ನಡೆಯಲು ಆಗುತ್ತಿರಲಿಲ್ಲ. ಅದನ್ನು ಬಂಟನಿಗೆ ತಿಳಿಸುವವರು ಯಾರು? ಅವನು ಬೀದಿಯ ಕೋಳಿಗಳನ್ನು ಒಟ್ಟುಗೂಡಿಸಿದ. ಶಾಲೆಗೆ ಹೊರಟ ಮಕ್ಕಳನ್ನು ಸುತ್ತುಹಾಕಿ ಗೋಡೆಯ ಮೂಲೆಗೆ ತಂದು ನಿಲ್ಲಿಸಿದ. ಮಕ್ಕಳು ನಕ್ಕರು. ತಾಯಂದಿರು ನಗಲಿಲ್ಲ, ಒಬ್ಬಾಕೆ ಕಲ್ಲೆತ್ತಿದಳು.

ಹುಣಸೂರಿನ ಕಡೆ ಮಗಳು ರಮ್ಯಳ ಮನೆಯಲ್ಲಿ ಕುರಿಗಳಿದ್ದವು. ಅಲ್ಲಿಗೆ ತಲುಪಿಸಿದರೆ ನಾಯಿ ಬದುಕಿಕೊಳ್ಳುತ್ತದೆ ಎಂದು ಕೃಷ್ಣಮ್ಮ ಮನಸ್ಸು ಗಟ್ಟಿ ಮಾಡಿಕೊಂಡರು. ತಮ್ಮನ ಮಗ ಬೈರೇಶ ಬಾಡಿಗೆ ಕಾರು ಓಡಿಸುತ್ತಿದ್ದ. ಅವನು ಹೊಸದಾಗಿ ಕಾರು ಕೊಂಡು ತಂದ ದಿನ, ಮಂದೆಯ ಮುಂದಾಳು ಟಗರಿನ ಕೊರಳಲ್ಲಿದ್ದ, ಕುರಿಗಳ ಜೊತೆ ಮಾರದೆ ಉಳಿಸಿಕೊಂಡಿದ್ದ ಗಂಟೆಯನ್ನು ಅವರೇ ಕಾರಿನ ಒಳಗಿನ ಕನ್ನಡಿಗೆ ಕಟ್ಟಿದ್ದರು, ದೃಷ್ಟಿ ತಾಗದಿರಲೆಂದು.

ಮೊದಲ ಪ್ರಯಾಣ ಕೆಟ್ಟಿತು. ದೂರದ ದಾರಿಯೆಂದು ಬಂಟನಿಗೆ ಹೊಟ್ಟೆ ತುಂಬ ಮುದ್ದೆ ತಿನ್ನಿಸಿದ್ದರು. ರಾಮನಗರ ಬರುವ ಮೊದಲೇ ಅದೆಲ್ಲ ಸೀಟಿನ ಮೇಲಿತ್ತು. ಗಾಳಿಗೆಂದು ಗಾಜು ಇಳಿಸಿದರೆ ಕೆಂಗಲ್ ಬಳಿ ಬಂಟ ಹೊರಕ್ಕೆ ಹಾರಿದ. ಬಸ್ಸಿನ ಚಕ್ರಕ್ಕೆ ಸಿಕ್ಕದೆ ಉಳಿದದ್ದೇ ಹೆಚ್ಚು. ಅಲ್ಲಿಂದಲೇ ಊರಿಗೆ ತಿರುಗಿದರು.

"ಇನ್ನೊಂದ್ಸಲ ನೋಡ್ತೀನಿ ಅತ್ತೆ. ಆಗ್ಲೂ ಹಿಂಗೇ ಆದ್ರೆ ನನ್ ಕೈಲಾಗಕಿಲ್ಲ" ಎಂದ ಬೈರೇಶ.

ಎರಡನೆಯ ಸಲ ಕೃಷ್ಣಮ್ಮ ಮಾಗಡಿಯ ಪಶುವೈದ್ಯರನ್ನು ಕೇಳಿಕೊಂಡು ಬಂದು ಎಲ್ಲವನ್ನೂ ಹಾಗೆಯೇ ಮಾಡಿದರು. ಹೊರಡುವ ಮುಂಚೆ ಊಟವಿಲ್ಲ. ಬೆಳಗ್ಗೆ ಕೆರೆ ಏರಿಯ ಮೇಲೆ ದಣಿಯುವಷ್ಟು ನಡೆದಾಟ. ಹಿಂದಿನ ಸೀಟಿಗೆ ಕುರಿವಾಸನೆಯ ಹಳೆಯ ಕಂಬಳಿ, ನಾಯಿಗೆ ಎದೆಪಟ್ಟಿ, ಆ ಪಟ್ಟಿಯೊಳಗೆ ತೂರಿಸಿದ ಸೀಟ್ ಬೆಲ್ಟು. ಗಾಜು ಪೂರ್ತಿ ಮೇಲೆ.

ನೇರ ರಸ್ತೆಯಲ್ಲಿ ಬಂಟ ಮಲಗಿದ. ಆದರೆ ರಸ್ತೆಯುಬ್ಬಿನ ಹಂಪ್ ಬಂದಾಗಲೆಲ್ಲ ಚಿಮ್ಮಿ ಎದ್ದು, ಬೆಲ್ಟು ಎಳೆದಾಡಿ ಬೊಗಳಿದ.

"ಏನ್ಲಾ ಬಂಟ, ನನ್ ಕಿವಿ ತೂತು ಮಾಡ್ಬುಡ್ತೀಯಾ?" ಕೆಂಗಲ್ಲಿನಲ್ಲಿ ಬೈರೇಶ ಕಾರು ಪಕ್ಕಕ್ಕೆ ಹಾಕಿದ. "ಆಗಕಿಲ್ಲ ಅತ್ತೆ. ಇಲ್ಲೇ ಹೋದ್ಸಲ ಹಾರಿದ್ದು. ತಿರುಗಿಸ್ಬುಡ್ಲಾ?"

"ಒಸಿ ತಡ್ಕಳ್ಲಾ."

ಹಿಂದಕ್ಕೆ ಕೊಂಡೊಯ್ದರೆ ಆ ಬೀದಿ, ಆ ಕಲ್ಲು. ಕೃಷ್ಣಮ್ಮ ನಾಯಿಯ ಮುಖವನ್ನೇ ನೋಡುತ್ತ ಕುಳಿತರು. ಬಂಟನ ಕಣ್ಣು ಕಿಟಕಿಯಾಚೆ ಇರಲಿಲ್ಲ. ಕನ್ನಡಿಯಲ್ಲಿ ತೂಗುವ ಗಂಟೆಯ ಮೇಲಿತ್ತು. ಅವರು ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ ಅದನ್ನು ಬೆರಳಲ್ಲಿ ತಟ್ಟಿದರು. ಬಂಟ ಚಿಮ್ಮಿ ನಿಂತ.

ಆ ಗಂಟೆ ಜೋರಾಗಿ ಬಡಿದರೆ ಟಗರು ದಾರಿ ತಪ್ಪಿ ಓಡುತ್ತಿದೆ, ಮುಂದೆ ನುಗ್ಗಿ ತಡೆಯಬೇಕು. ಹಾಗೆಂದು ಅವನಿಗೆ ಕಲಿಸಿದ್ದು ಅವರೇ.

"ನನ್ನಪ್ಪಾ, ಇಷ್ಟು ಹೊತ್ತೂ ಕೆಲಸ ಮಾಡ್ತಿದ್ಯೇನೋ" ಎಂದು ಬಂಟನ ಕತ್ತು ತಡವಿದರು.

"ಬಿಚ್ಚಾಕ್ಬುಡು ಅತ್ತೆ."

"ಬ್ಯಾಡ ಕಣ್ಲಾ, ದೃಷ್ಟಿಗೆ ಕಟ್ಟಿದ್ದು, ದಾರಿ ಮಧ್ಯೆ ಬಿಚ್ಬಾರ್ದು. ಬಾಯಿ ಮುಚ್ಕೊಂಡಿರ್ಲಿ."

"ಯಾರು, ನಾನಾ?"

"ನೀನೂವೆ."

ಕಂಬಳಿಯ ಅಂಚಿನಿಂದ ಉಣ್ಣೆ ಕಿತ್ತು ಗಂಟೆಯೊಳಗೆ ತುರುಕಿದರು. ಮುಂದಿನ ಹಂಪಿನಲ್ಲಿ ಬಂಟ ಕಿವಿ ಎತ್ತಿದ, ಕಾದ, ಇಳಿಸಿದ. ಚನ್ನಪಟ್ಟಣ ದಾಟುವಷ್ಟರಲ್ಲಿ ಅವನ ತಲೆ ಅವರ ನೋಯುವ ಮಂಡಿಯ ಮೇಲಿತ್ತು. ಅವರು ಕಾಲು ಅಲುಗಿಸಲಿಲ್ಲ.

ರಮ್ಯಳ ಅಂಗಳದಲ್ಲಿ ಬಂಟನಿಗೆ ಕಟ್ಟಿದ ಹಗ್ಗವನ್ನು ಕೈಗೆ ಸುತ್ತಿಕೊಂಡ ಮೇಲೆಯೇ ಕಾರಿನ ಬಾಗಿಲು ತೆಗೆದರು. ಆಮೇಲೆ ಗಂಟೆಯನ್ನೂ ಬಿಚ್ಚಿದರು.

"ಮತ್ತೆ ನನ್ ಕಾರ್ಗೆ?" ಎಂದ ಬೈರೇಶ.

"ನಿಂಬೆಹಣ್ಣು ಕಟ್ಕೊ ಹೋಗು."

ಒಳಗೆ ತುರುಕಿದ್ದ ಉಣ್ಣೆ ತೆಗೆದು ಗಂಟೆಯನ್ನು ಮಗಳ ಟಗರಿನ ಕೊರಳಿಗೆ ಕಟ್ಟಿದರು. ಟಗರು ತಲೆ ಒದರಿತು, ಗಂಟೆ ಬಡಿಯಿತು. ಬಂಟ ನಡುಗಿ ನಿಂತು ಅವರ ಮುಖ ನೋಡಿದ. ಕೃಷ್ಣಮ್ಮ ಹಗ್ಗ ಬಿಟ್ಟರು. "ಹೋಗ್ಲಾ."

ವಾಪಸ್ಸು ಬರುವಾಗ ಹಂಪಿನ ಮೇಲೆ ಕಾರು ಕುಪ್ಪಳಿಸಿತು. ಏನೂ ಸದ್ದಾಗಲಿಲ್ಲ. ಬೈರೇಶ ಕನ್ನಡಿಯಲ್ಲಿ ಅತ್ತೆಯನ್ನು ನೋಡಿದ.

"ಹಾಡು ಹಾಕ್ಲಾ ಅತ್ತೆ?"

"ಹಾಕು" ಎಂದರು ಕೃಷ್ಣಮ್ಮ. ಅವರ ಕೈ ಕಂಬಳಿಯ ಮೇಲಿತ್ತು. "ಒಸಿ ಜೋರಾಗೇ ಹಾಕು."