ಗುಬ್ಬಿ ಎಂಜಲ

ಆಗೆಲ್ಲ ಒಂದು ಲಿಂಬಿಹುಳಿ ಪೇಪರಮೆಂಟಿಗೆ ಮೂರು ಬಾಯಿ ಕಾಯುತ್ತಿದ್ದವು. ಇಳಕಲ್ಲದ ನಮ್ಮ ಓಣಿಯಲ್ಲಿ ಒಬ್ಬರೇ ಕೂತು ತಿನ್ನುವುದು ಅಂದರೆ ಕಳ್ಳತನ ಮಾಡಿದ ಹಾಗೆ. ಪೇಪರಮೆಂಟನ್ನು ಲಂಗದ ತುದಿಯಲ್ಲಿ ಸುತ್ತಬೇಕು, ಅರಿವೆಯ ಮೇಲಿನಿಂದ ಹಲ್ಲು ಊರಿ ಕಟ್ಟನೆ ಒಡೆಯಬೇಕು, ಚೂರು ಹಂಚಬೇಕು. ಬಾಯಿ ತಾಗಲಿಲ್ಲ, ಅರಿವೆ ತಾಗಿತು. ಆದ್ದರಿಂದ ಅದು ಎಂಜಲವಲ್ಲ, ಗುಬ್ಬಿ ಎಂಜಲ. ಗಜ್ಜುಗ ಆಡುವ ಕಟ್ಟೆಯ ಮೇಲೆ ಜಂಗಮರ ಗಿರಿಜಾ, ಸಾಬರ ಶಮೀಮ, ಕಿರಿಸ್ತಾನರ ನಾನು, ಮೂವರದೂ ಒಂದೇ ಪೇಪರಮೆಂಟು. ಗಿರಿಜಾನ ಅವ್ವ ನೋಡಿ ಬಯ್ಯಲು ಬಂದರೆ "ಗುಬ್ಬಿ ಎಂಜಲ ಬೇ ಯವ್ವಾ" ಅಂತ ಅವಳು ಕೂಗುತ್ತಿದ್ದಳು, ಅವರವ್ವನೂ ಸುಮ್ಮನಾಗುತ್ತಿದ್ದಳು. ನಿಮ್ಮ ಅಂಗಿಯ ತುದಿಯೂ ಅಂಟಂಟಾಗಿ ಇದ್ದಿರಬೇಕು, ಸುಳ್ಳು ಹೇಳಬೇಡಿ.

ಇದನ್ನು ಯಾಕೆ ಎತ್ತಿದೆ ಅಂದರೆ, ನಾವು ಕಥೋಲಿಕರ ಚರ್ಚು ಬಿಟ್ಟು ಪ್ರಾಟೆಸ್ಟಂಟರಾದದ್ದು ಯಾಕೆ ಅಂತ ಇವತ್ತಿಗೂ ಕೇಳುವವರಿದ್ದಾರೆ. ಕೆಲವರು ಕೇಳುವ ತ್ರಾಸನ್ನೂ ತಗೊಳ್ಳುವುದಿಲ್ಲ. "ಅಕ್ಕಿ ಕೊಟ್ಟಿರಬೇಕು, ಸಾಲಿ ಫೀ ಕಟ್ಟಿರಬೇಕು" ಅಂತ ತಾವೇ ಹೇಳಿ ತಾವೇ ತಲೆ ಆಡಿಸುತ್ತಾರೆ. ಹಂಗಾರ ಕೇಳಿಸಿಕೊಳ್ಳಿ. ನಮ್ಮ ಮನೆ ಚರ್ಚು ಬದಲಿಸಿದ್ದು ಒಂದು ಗುಬ್ಬಿ ಎಂಜಲದಿಂದ. ಮಾಡಿದಾಕಿ ನಾನು. ಆಗ ನಾನು ಎಂಟು ವರ್ಷದವಳು.

ನಮ್ಮವ್ವನಿಗೆ ಹದಿನಾರು ತುಂಬುವ ಮೊದಲೇ ಚರ್ಚಿನಲ್ಲಿ ಮದುವೆಯಾಗಿತ್ತು, ಬೇವೂರಿನ ಕಡೆಯ ಒಬ್ಬನ ಜೊತೆ. ಅವನು ಬಡಿದ, ಕುಡಿದ, ಕಡೆಗೆ ಇನ್ನೊಬ್ಬಳನ್ನು ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋಗಿಬಿಟ್ಟ. ಅವ್ವ ತವರಿಗೆ ಬಂದು ನೇಕಾರರ ಮನೆಗಳಿಗೆ ಮಗ್ಗದ ಕಂಡಿಕೆಗೆ ನೂಲು ಸುತ್ತಿಕೊಟ್ಟು ಹೊಟ್ಟೆ ಹೊರೆದಳು. ವರ್ಷಗಳಾದ ಮೇಲೆ, ಕೋರ್ಟಿನಿಂದ ವಿಚ್ಛೇದನ ಸಿಕ್ಕಾಗ, ನಮ್ಮಪ್ಪ ಅವಳ ಕೈ ಹಿಡಿದ. ಅಪ್ಪ ಇಳಕಲ್ಲ-ಹುನಗುಂದ ನಡುವೆ ಮೂರು ಗಾಲಿಯ ಟಂಟಂ ಗಾಡಿ ಓಡಿಸುತ್ತಿದ್ದ. ಬಾಯಿ ಜೋರು, ಕೈ ಮೆತ್ತಗೆ. ಹುನಗುಂದದ ಕಚೇರಿಯಲ್ಲಿ ರಜಿಸ್ಟರ್ ಮದುವೆ ಆಯಿತು. ಸರಕಾರ ಒಪ್ಪಿತು, ಓಣಿ ಒಪ್ಪಿತು, ಚರ್ಚು ಒಪ್ಪಲಿಲ್ಲ. ದೇವರ ಮುಂದೆ ಕಟ್ಟಿದ ಮೊದಲಿನ ಗಂಟು ಇನ್ನೂ ಬಿಚ್ಚಿಲ್ಲ ಅಂದರು. ಅದನ್ನು ಬಿಚ್ಚಲು ದೊಡ್ಡ ಊರಿನ ಬಿಷಪ್ಪರ ಕಚೇರಿಯಲ್ಲಿ ವಿಚಾರಣೆ ಆಗಬೇಕು, ಆ ಗಂಡನನ್ನೂ ಕರೆಸಬೇಕು ಅಂದರು. ಅವನು ಎಲ್ಲಿದ್ದಾನೆ ಅಂತ ಅವನ ಹಡೆದವ್ವಗೇ ಗೊತ್ತಿರಲಿಲ್ಲ.

ಅಲ್ಲಿಯ ತನಕ ಅವ್ವನಿಗೆ ಪರಮಪ್ರಸಾದ ಇಲ್ಲ. ಪೂಜೆಗೆ ಬರಬಹುದು, ಹಾಡಬಹುದು, ಕಸ ಗುಡಿಸಬಹುದು. ಆ ತೆಳ್ಳನೆಯ ಬಿಳಿ ರೊಟ್ಟಿ ಮಾತ್ರ ಅವಳ ನಾಲಿಗೆಗೆ ತಾಗಬಾರದು.

ಇನ್ನೊಂದು ದಾರಿಯೂ ಇತ್ತಂತೆ. ಒಬ್ಬ ಫಾದರ್ ಅಪ್ಪನನ್ನು ಕರೆದು, ಒಂದೇ ಮನೆಯಲ್ಲಿ ಅಣ್ಣ-ತಂಗಿಯ ಹಾಗೆ ಇರುತ್ತೇವೆ ಅಂತ ಮಾತು ಕೊಟ್ಟರೆ ಪ್ರಸಾದ ಕೊಡಬಹುದು ಅಂದರಂತೆ. ಅಪ್ಪ, "ಮಗಳು ಹುಟ್ಟಿ ಅಂಗಳದಾಗ ಆಡಾಕತ್ತಾಳ್ರಿ. ಈಗ ಅಣ್ಣ-ತಂಗಿ ಆದ್ರ ಅದಕ್ಕ ನಾ ಅಪ್ಪ ಆಗ್ಬೇಕೋ ಮಾಮಾ ಆಗ್ಬೇಕೋ?" ಅಂತ ಕೇಳಿ ಎದ್ದು ಬಂದ. ಅವತ್ತಿನಿಂದ ಅವನು ಒಳಗೆ ಕಾಲಿಡಲಿಲ್ಲ. ರವಿವಾರ ನಮ್ಮನ್ನು ಚರ್ಚಿನ ಗೇಟಿನ ತನಕ ಬಿಟ್ಟು, ಬೇವಿನ ಗಿಡದ ನೆರಳಿನಲ್ಲಿ ಟಂಟಂ ನಿಲ್ಲಿಸಿಕೊಂಡು ಕಾಯುತ್ತಿದ್ದ. "ದೇವರು ಕೊಟ್ಟರೂ ಪೂಜಾರಿ ಕೊಡ" ಅನ್ನುವುದು ಅವನ ವಾರದ ಪ್ರವಚನ.

ಅವ್ವ ಮಾತ್ರ ಬಿಡಲಿಲ್ಲ. ತಲೆ ಮೇಲೆ ನೀರು ಹಾಕಿಕೊಂಡು, ಕೆಂಪು ಸೆರಗಿನ ಸೀರೆ ಉಟ್ಟು, ಬಾಗಿಲ ಬದಿಯ ಕಡೆಯ ಚಾಪೆಯಲ್ಲಿ ಚಪ್ಪಲಿಗಳ ಪಕ್ಕ ಕೂಡುತ್ತಿದ್ದಳು. ಅವಳ ಹಡೆದವ್ವ, ನನ್ನ ಆಯಿ, ಮುಂದಿನ ಸಾಲಿನಾಕಿ. ಕೈಯಲ್ಲಿ ಜಪಸರ, ಬಾಯಲ್ಲಿ ಮರಿಯಮ್ಮ, ಇಡೀ ಚರ್ಚಿಗೆ ಕೇಳುವ ಹಾಡು. ಪ್ರಸಾದದ ಹೊತ್ತಿಗೆ ಎಲ್ಲರೂ ಏಳುವಾಗ ಅವ್ವ ಮೊಳಕಾಲು ಮಡಚಿ ಗೋಡೆಗೆ ಒತ್ತಿ ಕೂಡುತ್ತಿದ್ದಳು. ಜನ ಅವಳನ್ನು ದಾಟಿಕೊಂಡು ಹೋಗುತ್ತಿದ್ದರು, ದಾಟಿಕೊಂಡು ಬರುತ್ತಿದ್ದರು. ಆಯಿಯೂ ದಾಟುತ್ತಿದ್ದಳು.

ಆ ವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ ನನ್ನ ಮೊದಲ ಪರಮಪ್ರಸಾದದ ತಯಾರಿ ಶುರುವಾಯಿತು. ಬಿಸಿಲು ಸುಡುತ್ತಿತ್ತು, ಬೇವಿನ ಹೂವಿನ ಕಹಿ ವಾಸನೆ ಓಣಿ ತುಂಬ. ಶುಕ್ರವಾರ ಮನೆಯಲ್ಲಿ ಪುಂಡಿಪಲ್ಯ, ರೊಟ್ಟಿ, ಅಷ್ಟೇ. ಮಧ್ಯಾಹ್ನ ಮಗ್ಗಗಳ ಖಟಕ್ ಖಟಕ್ ಕೇಳುತ್ತ ನಾವು ಮಕ್ಕಳೆಲ್ಲ ಚರ್ಚಿನ ಪಡಸಾಲೆಯಲ್ಲಿ ಸಿಸ್ಟರ್ ಮುಂದೆ ಕೂಡುತ್ತಿದ್ದೆವು. ಸಿಸ್ಟರ್ ಭಾಳ ಒಳ್ಳೆಯಾಕಿ, ಮಂಗಳೂರು ಕಡೆಯವರು. ನಮ್ಮ ಮಾತು ಕಲಿಯಲು ಹೋಗಿ ನಗೆಪಾಟಲಾಗುತ್ತಿದ್ದರು, ತಾವೂ ನಗುತ್ತಿದ್ದರು. ಎಡಗೈ ಮೇಲೆ, ಬಲಗೈ ಕೆಳಗೆ, ಪ್ರಸಾದ ಹಿಡಿಯುವುದನ್ನು ಅವರು ಕಲಿಸಿದರು. ಯೇಸುಸ್ವಾಮಿ ರೊಟ್ಟಿ ಮುರಿದು ಎಲ್ಲರಿಗೂ ಕೊಟ್ಟದ್ದನ್ನು ಹೇಳಿದರು. ಒಂದು ಸಣ್ಣ ಚೂರಿನಲ್ಲೂ ಪೂರ್ತಿ ಯೇಸುಸ್ವಾಮಿ ಇರುತ್ತಾರೆ, ಅರ್ಧ ಇರುವುದಿಲ್ಲ ಅಂದರು.

ನಾನು ಎದ್ದು ಕೇಳಿದೆ: "ಸಿಸ್ಟರ್, ಹಂಗಾರ ನಮ್ಮವ್ವಗ್ಯಾಕ ಕೊಡಂಗಿಲ್ರಿ?"

ಸಿಸ್ಟರ್ ಮುಖ ಸಣ್ಣದಾಯಿತು. "ನೀನು ಅಮ್ಮನಿಗಾಗಿ ಪ್ರಾರ್ಥನೆ ಮಾಡು ಮಗಾ" ಅಂದರು.

ಮಾಡಿದೆ. ತಪಸ್ಸು ಕಾಲ ಪೂರ್ತಿ ಮಾಡಿದೆ. ಮರಿಯಮ್ಮನ ಮುಂದೆ ಮೊಳಕಾಲು ಕಪ್ಪಾಗುವ ತನಕ ಮಾಡಿದೆ. ಏನೂ ಆಗಲಿಲ್ಲ. ಆಗ ನನ್ನ ತಲೆಯಲ್ಲಿ ಲೆಕ್ಕ ಸರಳವಾಗಿ ಕೂತುಬಿಟ್ಟಿತು: ಚೂರಿನಲ್ಲೂ ಪೂರ್ತಿ ಇದ್ದರೆ, ನನಗೊಂದು ಚೂರು, ಅವ್ವನಿಗೊಂದು ಚೂರು. ಓಣಿಯಲ್ಲಿ ದಿನಾ ಮಾಡುವ ಕೆಲಸವೇ ತಾನೆ.

ಈಸ್ಟರ್ ಆದ ಮುಂದಿನ ರವಿವಾರ ಬಿಳಿ ಫ್ರಾಕು, ತಲೆಗೆ ಬಿಳಿ ಪರದೆ, ಕೈಯಲ್ಲಿ ಮೇಣಬತ್ತಿ. ಮಲ್ಲಿಗೆಯ ವಾಸನೆ, ಧೂಪದ ವಾಸನೆ, ಹೊಸ ಅರಿವೆಯ ಗಂಜಿ ವಾಸನೆ ಎಲ್ಲ ಕೂಡಿ ತಲೆ ತಿರುಗುತ್ತಿತ್ತು. ನನ್ನ ಸರದಿ ಬಂತು. ಫಾದರ್ ನನ್ನ ಅಂಗೈಯಲ್ಲಿ ಪ್ರಸಾದ ಇಟ್ಟರು. ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು ಅಂತ ಸಿಸ್ಟರ್ ಸಾರಿ ಸಾರಿ ಹೇಳಿದ್ದರು. ನಾನು ಮುಷ್ಟಿ ಮುಚ್ಚಿ, ನಡುವಿನ ದಾರಿಯಲ್ಲಿ ಸೀದಾ ಹಿಂದಕ್ಕೆ ನಡೆದೆ. ಕಡೆಯ ಚಾಪೆಯ ಹತ್ತಿರ ನಿಂತು, ಫ್ರಾಕಿನ ತುದಿಯಲ್ಲಿ ಪ್ರಸಾದ ಸುತ್ತಿ, ಅರಿವೆಯ ಮೇಲಿನಿಂದ ಹಲ್ಲು ಊರಿದೆ. ಕಟ್ಟನೆ ಸಪ್ಪಳ ಬಂತು.

"ಯವ್ವಾ, ಬಾಯಿ ತಗಿ" ಅಂದೆ.

ಅವ್ವ ನನ್ನನ್ನು ನೋಡಿದಳು. ಪೀಠದ ಕಡೆ ನೋಡಿದಳು. ಹಾಡು ನಿಂತಿತ್ತು. ಆಮೇಲೆ ಅವಳು ಬಾಯಿ ತೆರೆದಳು. ಮಗು ಒತ್ತಾಯ ಮಾಡಿತು, ಪಾಪ ಗೊತ್ತಾಗಲಿಲ್ಲ ಅಂತ ಆಮೇಲೆ ಕೆಲವರು ಅವಳ ಪರ ಮಾತಾಡಲು ನೋಡಿದರು. ಬೇಡ ಆ ಉಪಕಾರ. ಗೊತ್ತಿದ್ದೇ ತೆರೆದಳು. ಉಳಿದ ಚೂರು ನಾನು ತಿಂದೆ. ರುಚಿ ಏನೂ ಇರಲಿಲ್ಲ, ಹಪ್ಪಳದ ಹಾಗೆ ಅಂಗುಳಕ್ಕೆ ಅಂಟಿಕೊಂಡಿತು.

ಅಷ್ಟರಲ್ಲಿ ಸಿಸ್ಟರ್ ಓಡಿ ಬಂದು ನನ್ನ ಫ್ರಾಕಿನ ತುದಿ ಹಿಡಿದುಕೊಂಡರು. ಅದರ ಮೇಲೆ ಪುಡಿ ಬಿದ್ದಿತ್ತಲ್ಲ, ನೆಲಕ್ಕೆ ಬೀಳಬಾರದು. ಒಳಗೆ ಕರೆದೊಯ್ದು ಫ್ರಾಕು ಬಿಚ್ಚಿಸಿ, ನನಗೆ ಅವರದೊಂದು ಶಾಲು ಸುತ್ತಿದರು. "ಏ ಯಾರ ಕೂಸದು? ಅದರವ್ವಗ ನಾಚಿಕಿಲ್ಲೇನು?" ಅನ್ನುವ ದನಿಗಳು ಗೋಡೆಯಾಚೆ ಕೇಳುತ್ತಿದ್ದವು.

ಪೂಜೆ ಮುಗಿದ ಮೇಲೆ ಫಾದರ್ ಪಡಸಾಲೆಗೆ ಕರೆಸಿದರು. ಇನ್ನೂ ಸಣ್ಣ ವಯಸ್ಸಿನವರು, ಅವರ ಮುಖವೂ ಬೆವರಿತ್ತು. ಮುಂದಿನ ರವಿವಾರ ಅವ್ವ ಎಲ್ಲರೆದುರು ನಿಂತು ತಪ್ಪಾಯಿತು ಅನ್ನಬೇಕು, ಅಲ್ಲಿಯ ತನಕ ನನಗೂ ಪ್ರಸಾದ ಇಲ್ಲ ಅಂದರು.

"ನಾ ಕದ್ದು ತಿಂದಿಲ್ರಿ ಫಾದರ್. ನನ್ನ ಮಗಳು ಕೊಟ್ಟಾಳ, ತಿಂದೇನಿ" ಅಂದಳು ಅವ್ವ.

"ಇದು ನನ್ನ ಕಾನೂನಲ್ಲಮ್ಮ, ಚರ್ಚಿನದು."

"ಅಂವ ನನ್ನ ಬಡಿಯೂವಾಗ ಈ ಕಾನೂನು ಎಲ್ಲಿತ್ರಿ?"

ಆಯಿ ಅವ್ವನ ರಟ್ಟೆ ಹಿಡಿದು ಹೊರಗೆ ಎಳೆದಳು.

ಆ ವಾರ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೂ ಸಿಟ್ಟಿನಲ್ಲೇ ಇತ್ತು. ಆಯಿ ದಿನಾ ಬಂದು ಹೊಸ್ತಿಲ ಮೇಲೆ ಕೂತು ಅಳುತ್ತಿದ್ದಳು. "ಒಂದ ಮಾತು ತಪ್ಪಾತು ಅಂದ್ರ ನಿನ್ನ ನಾಲಿಗಿ ಸವದು ಹೋಗ್ತೈತೇನು?" ಅಂತ ಬೇಡುತ್ತಿದ್ದಳು, "ಮರಿಯಮ್ಮನ ಮಕ್ಕಳನ್ನ ಬೀದಿಗೆ ತಂದಿ" ಅಂತ ಶಪಿಸುತ್ತಿದ್ದಳು. ಶನಿವಾರ ಸಿಸ್ಟರ್ ಬಂದು ಫ್ರಾಕು ಕೊಟ್ಟರು, ತೊಳೆದು ಇಸ್ತ್ರಿ ಮಾಡಿ. ಪ್ರಸಾದದ ಪುಡಿ ಗಟಾರ ಸೇರಬಾರದು ಅಂತ ತೊಳೆದ ನೀರನ್ನು ಮಲ್ಲಿಗೆ ಬಳ್ಳಿಯ ಬುಡಕ್ಕೆ ಹಾಕಿದೆ ಅಂದರು. ನನ್ನ ಕೆನ್ನೆ ಮುಟ್ಟಿ ಹೋದರು.

ರವಿವಾರ ಅವ್ವ ಪೆಟ್ಟಿಗೆಯಲ್ಲಿನ ರಜಿಸ್ಟರ್ ಮದುವೆಯ ಸೀರೆ ತೆಗೆದು ಉಟ್ಟಳು. ಆಯಿಯ ಮುಖ ಅರಳಿತು, ಮಗಳು ಬಗ್ಗಿದಳು ಅಂದುಕೊಂಡಳು. ಅಪ್ಪ ಟಂಟಂ ತೆಗೆದ, ಎಲ್ಲರೂ ಹತ್ತಿದೆವು. ಬಸ್‌ಸ್ಟ್ಯಾಂಡಿನ ಹತ್ತಿರ ರಸ್ತೆ ಕವಲೊಡೆಯುವಲ್ಲಿ ಅವ್ವ ಅಪ್ಪನ ಹೆಗಲು ಮುಟ್ಟಿದಳು. "ಬಲಕ್ಕ ಹೊಳ್ಳಸ್ರಿ" ಅಂದಳು. ಬಲಕ್ಕೆ ಕೆಂಪು ಹೆಂಚಿನ ಪ್ರಾಟೆಸ್ಟಂಟ್ ಚರ್ಚು.

"ನನ್ನ ಇಲ್ಲೇ ಇಳಸು" ಅಂದಳು ಆಯಿ. ಇಳಿದಳು. ತಿರುಗಿ ನೋಡದೆ ಎಡಕ್ಕೆ ನಡೆದಳು. ಅವಳ ಕಾಲಲ್ಲಿ ಕೀಲುನೋವು, ಬಿಸಿಲು ಆಗಲೇ ಏರಿತ್ತು. ಅಪ್ಪ "ಅತ್ತೀ, ಬಿಟ್ಟು ಬರ್ತೇನಿ, ಹತ್ರಿ" ಅಂತ ಕೂಗಿದ್ದು ಅವಳಿಗೆ ಕೇಳಿಸಿರಲೇಬೇಕು.

ಅಲ್ಲಿ ಧೂಪ ಇರಲಿಲ್ಲ, ಮೂರ್ತಿ ಇರಲಿಲ್ಲ, ಸುಣ್ಣದ ವಾಸನೆಯ ಬೋಳು ಗೋಡೆ. ಅವ್ವ ರೂಢಿಯಂತೆ ಬಾಗಿಲಲ್ಲೇ ಚಪ್ಪಲಿಗಳ ಪಕ್ಕ ಕೂತಳು. ಮುದುಕ ಪಾಸ್ಟರ್ ಬಂದು, "ಅಲ್ಲಿ ಚಪ್ಪಲಿ ಕಾಯಾಕ ಬಂದೀರೇನವಾ? ಮುಂದ ಬರ್ರಿ" ಅಂದರು. ಅವ್ವ ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದಳು: ಮೊದಲಿನ ಗಂಡ, ಈಗಿನ ಗಂಡ, ನನ್ನ ಗುಬ್ಬಿ ಎಂಜಲ. ಪಾಸ್ಟರ್ ಕನ್ನಡಕ ಒರೆಸಿಕೊಂಡು ಒಂದೇ ಮಾತು ಕೇಳಿದರು: "ಈಗಿನ ಗಂಡ ಚಂದ ನೋಡ್ಕೋತಾನೇನವಾ?"

"ಹೂನ್ರಿ. ಭಾಳ ಚಂದ."

"ಹಂಗಾರ ಕುಂದ್ರಿ."

ಕೆಲವು ವಾರ ಪಾಠ ಆಯಿತು. ಆಮೇಲೆ ಒಂದು ರವಿವಾರ ತಟ್ಟೆಯಲ್ಲಿ ಬೇಕರಿಯ ಬ್ರೆಡ್ಡಿನ ಚೂರು ಬಂದವು. ಅವ್ವನಿಗೆ ಒಂದು, ಅಪ್ಪನಿಗೆ ಒಂದು. ಅವ್ವ ಅದನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಅತ್ತಳೆಂದರೆ ಬ್ರೆಡ್ಡು ಹಸಿಯಾಯಿತು. ಅಪ್ಪ ಸುಮ್ಮನೆ ತಿಂದು ಮುಖ ಆಚೆ ತಿರುಗಿಸಿಕೊಂಡ. ಅವನ ಬಾಯಿ ಜೋರೆಲ್ಲ ಎಲ್ಲಿ ಹೋಯಿತೋ.

ಅಕ್ಕಿ ಕೊಟ್ಟರು ಅನ್ನುವವರಿಗೆ ಹೇಳುತ್ತೇನೆ: ನಮಗೆ ಯಾರೂ ಅಕ್ಕಿ ಕೊಡಲಿಲ್ಲ. ರೊಟ್ಟಿ ಕೊಟ್ಟರು, ಅದೂ ಉಗುರಿನಗಲ ಚೂರು. ತತ್ವ, ಸಿದ್ಧಾಂತ, ಪೋಪರು, ಲೂಥರರು, ಅದೆಲ್ಲ ಓದಿದವರ ಜಗಳ. ಒಂದು ಪಂಕ್ತಿಯಲ್ಲಿ ಕೂಡಿಸಿ ಒಬ್ಬಳ ಎಲೆ ಮಾತ್ರ ಖಾಲಿ ಬಿಟ್ಟರೆ ಅವಳು ಎದ್ದು ಹೋಗುತ್ತಾಳೆ. ಇಷ್ಟು ತಿಳಿಯಲು ಶಾಸ್ತ್ರ ಓದಬೇಕಾಗಿಲ್ಲ.

ಹಾಗಂತ ಅವ್ವ ಹೊಸ ಮನೆಯಲ್ಲೂ ತಲೆ ಬಗ್ಗಿಸಲಿಲ್ಲ. ಮರಿಯಮ್ಮನ ಪಟ ತೆಗೆದುಬಿಡಿ ಅಂತ ಅಲ್ಲಿಯ ಹಿರಿಯರೊಬ್ಬರು ಹೇಳಿದಾಗ, "ಗಂಡನ ಮನಿಗೆ ಬಂದೇನಿ ಅಂತ ಹಡದವ್ವನ ಫೋಟೋ ಹರದು ಒಗೀತಾರೇನ್ರಿ?" ಅಂದಳು. ರೊಟ್ಟಿ ಬುಟ್ಟಿಯ ಮೇಲಿನ ಗೋಡೆಯಲ್ಲಿ ಆ ಪಟ ಕಡೆಯ ತನಕ ಇತ್ತು.

ಆಯಿ ಮಾತ್ರ ನಮ್ಮನ್ನು ಕ್ಷಮಿಸಲಿಲ್ಲ. ಹಬ್ಬಕ್ಕೆ ಬರುತ್ತಿದ್ದಳು, ಉಣ್ಣುತ್ತಿದ್ದಳು, ಉಂಡು ಬಯ್ಯುತ್ತಿದ್ದಳು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ತೀರಿಕೊಂಡಳು. ಮಣ್ಣಿನ ದಿನ ನಾವು ಆ ಹಳೆಯ ಚರ್ಚಿಗೆ ಹೋದೆವು. ಅವ್ವ ಕಾಲು ಎಳೆದ ಕಡೆ ಹೋಗಿ ಕಡೆಯ ಚಾಪೆಯ ಮೇಲೆ ಕೂತಳು, ನಾನು ಪಕ್ಕದಲ್ಲಿ. ಪಕ್ಕದ ಹೆಂಗಸು ಮೆಲ್ಲಗೆ ಅಂದಳು: "ನೀವು ಕುಂತಿದ್ದು ನಿಮ್ಮವ್ವನ ಜಾಗಾ ನೋಡ್ರಿ."

"ಇಲ್ರಿ," ಅಂದಳು ಅವ್ವ, "ನಮ್ಮವ್ವ ಮುಂದಿನ ಸಾಲಿನಾಕಿ."

"ಯಾವ ಕಾಲದ ಮಾತಾಡ್ತೀರಿ? ನೀವು ಬಿಟ್ಟು ಹೋದ ರವಿವಾರದಿಂದ ಆಕಿ ಇಲ್ಲೇ. ಪ್ರಸಾದ ತಗೊಳ್ಳಾಕ ಎದ್ದಾಕೇ ಅಲ್ಲ. ಯಾಕಬೇ ಅಂತ ಕೇಳಿದ್ರ, ಮಗಳು ಉಪಾಸ ಎದ್ದು ಹೋದ ಪಂಕ್ತಿ, ನನ್ನ ಗಂಟಲದಾಗ ಇಳಿಯಂಗಿಲ್ಲ ಅಂತಿದ್ಲು. ಹಾಡೂ ಬಿಟ್ಟಿದ್ಲು."

ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಪ್ರಸಾದದ ಹೊತ್ತಾಯಿತು. ಜನ ನಮ್ಮಿಬ್ಬರನ್ನು ದಾಟಿಕೊಂಡು ಹೋದರು.

ಈಗ ಆಯಿ ಆ ಕಡೆಯ ಮಸಣದಲ್ಲಿ, ಅವ್ವ ಈ ಕಡೆಯದರಲ್ಲಿ. ನಡುವೆ ಒಂದು ಊರು. ಧೂಪದ ವಾಸನೆ ಬಂದರೆ ನನ್ನ ಕಾಲು ಇವತ್ತಿಗೂ ನಿಲ್ಲುತ್ತದೆ. ನನ್ನ ಮಗಳ ಪೇಪರಮೆಂಟು ಒಂದೊಂದಕ್ಕೂ ಒಂದೊಂದು ಚೀಟಿ ಸುತ್ತಿ ಬರುತ್ತದೆ. ಅವಳ ಅಂಗಿಯ ತುದಿ ಯಾವತ್ತೂ ಅಂಟಿಲ್ಲ. ನಮ್ಮ ಚರ್ಚಿನಲ್ಲೂ ಬ್ರೆಡ್ಡನ್ನು ಮೊದಲೇ ಕತ್ತರಿಸಿ ಇಟ್ಟಿರುತ್ತಾರೆ, ಎಲ್ಲರಿಗೂ ಬರುತ್ತದೆ, ಒಬ್ಬರಿನ್ನೊಬ್ಬರಿಗೆ ಮುರಿದು ಕೊಡುವ ಪ್ರಸಂಗ ಬರುವುದಿಲ್ಲ. ಅಮಾವಾಸ್ಯೆಗೊಮ್ಮೆ ಯಾರಾದರೂ ನನ್ನನ್ನು ಕೇಳುತ್ತಾರೆ: ಅವತ್ತು ಮಾಡಿದ್ದಕ್ಕೆ ಈಗ ಪಶ್ಚಾತ್ತಾಪ ಐತೇನು?

ಇಲ್ಲ. ಮತ್ತೆ ಎಂಟು ವರ್ಷದಾಕಿ ಆದರೆ ಅದನ್ನೇ ಮಾಡುತ್ತೇನೆ. ಆದರೆ ಈ ಸಲ ಆಯಿಯನ್ನೂ ಕಡೆಯ ಚಾಪೆಗೆ ಕರೆದು, ಎರಡಲ್ಲ, ಮೂರು ಚೂರು ಮಾಡುತ್ತೇನೆ.