ಶಾಲು ಹೊದಿಸಿ ತಕರಾರು ಕೇಳಿದವರು

ಇಳಕಲ್ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ನಮ್ಮ ಪ್ರಿನ್ಸಿಪಾಲ್ ಮೇಡಂ ಅವರನ್ನು ಮೊದಲ ಸಲ ನೋಡಿದವರ ಕಣ್ಣು ಮುಖದ ಮೇಲೆ ನಿಲ್ಲುತ್ತಿರಲಿಲ್ಲ, ನೇರ ಪಾದಕ್ಕೆ ಇಳಿಯುತ್ತಿತ್ತು. ಕಾಲೇಜಿಗೆ ಬಂದ ಅತಿಥಿಗಳು ನಗು ತಡೆಯಲು ಪಡುತ್ತಿದ್ದ ಪಾಡನ್ನು ನಾವು ದೂರದಿಂದ ನೋಡಿ ಖುಷಿಪಡುತ್ತಿದ್ದೆವು. ಮೇಡಂಗೆ ಅದೆಲ್ಲ ಲೆಕ್ಕಕ್ಕೇ ಇರಲಿಲ್ಲ. ಕುಳ್ಳಗಿನ ಮೈ, ಹಣೆಯ ಮೇಲೆ ವಿಭೂತಿಯ ತೆಳು ಗೆರೆ, ನಡೆದರೆ ಓಡಿದ ಹಾಗೆ. ಆದರೆ ಸದ್ದಿಲ್ಲ. ಹಿಂದಿನ ಬೆಂಚಿನಲ್ಲಿ ಮೊಬೈಲು ನೋಡುತ್ತ ಕೂತವನಿಗೆ ಅವರು ಬಂದದ್ದು ಗೊತ್ತಾಗುತ್ತಿದ್ದುದು ಮೊಬೈಲು ಕೈಯಿಂದ ಹೋದ ಮೇಲೆ. ವಿದ್ಯಾರ್ಥಿಗಳು ಅವರಿಗೆ ಬೆಕ್ಕು ಅಂತ ಹೆಸರಿಟ್ಟಿದ್ದರು, ಅದು ಅವರ ಕಿವಿಗೂ ಬಿದ್ದಿತ್ತು. "ಅನ್ರಿ, ಅನ್ರಿ. ಹುಲಿ ಅಂದ್ರ ಎಲ್ಲಾರೂ ಓಡಿ ಹೋಗತೀರಿ. ಬೆಕ್ಕಾದ್ರ ಕ್ಲಾಸಿನ್ಯಾಗರ ಇರತೀರಿ" ಅಂದಿದ್ದರಂತೆ.

ಅವರು ಸವಣೂರು ತಾಲೂಕಿನ ಹತ್ತಿಮತ್ತೂರಿನ ಒಕ್ಕಲುತನದ ಮನೆಯವರು. ಆ ಮನೆಯಿಂದ ಫಿಜಿಕ್ಸ್ ಓದಿದ ಮೊದಲ ಹೆಣ್ಣುಮಗಳು. ಮದುವೆಯಾಗಿರಲಿಲ್ಲ, ಯಾಕೆ ಅಂತ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹಿರೇಕೆರೂರಿನಲ್ಲಿ ಕಾಲೇಜಿನ ಹಿಂದಿನ ಓಣಿಯಲ್ಲೇ ಬಾಡಿಗೆ ಮನೆ ಮಾಡಿಕೊಂಡಿದ್ದರು. ನಾನು ಹಾನಗಲ್ಲಿನವಳು. ಕೆಮಿಸ್ಟ್ರಿ ಕಲಿಸಲು ತಾತ್ಕಾಲಿಕ ಉಪನ್ಯಾಸಕಿಯಾಗಿ ಆ ಕಾಲೇಜು ಸೇರಿದ ದಿನ, ನಾನು ಚಾಚಿದ ಸರ್ಟಿಫಿಕೇಟುಗಳನ್ನು ಪಕ್ಕಕ್ಕಿಟ್ಟು, "ಊಟಾ ಆಗೇತೇನವಾ?" ಅಂದರು. ಇಲ್ಲ ಅಂದೆ. ತಮ್ಮ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ಅರ್ಧ ಮಾಡಿದರು. ಉಂಡು ಕೈ ತೊಳೆಯುವಷ್ಟರಲ್ಲಿ ಲ್ಯಾಬಿನ ಕೀಲಿಕೈ ನನ್ನ ಮುಂದಿತ್ತು.

ಅದು ದೊಡ್ಡ ಕಾಲೇಜಲ್ಲ. ಊರಿನ ವ್ಯಾಪಾರಸ್ಥರು, ಜಮೀನುದಾರರು ಸೇರಿ ಕಟ್ಟಿದ ಪದವಿ ಕಾಲೇಜು. ರಟ್ಟೀಹಳ್ಳಿ ಕಡೆಯಿಂದ, ಅಬಲೂರು ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳೇ ಹೆಚ್ಚು. ಪ್ರತಿ ವರ್ಷ ದೀಪಾವಳಿ ರಜೆ ಮುಗಿದ ಮೇಲೆ ಸಿಬ್ಬಂದಿ ದಿನ ಅಂತ ಒಂದು ಸಮಾರಂಭ ನಡೆಯುತ್ತಿತ್ತು. ಚೆನ್ನಾಗಿ ಕೆಲಸ ಮಾಡಿದವರನ್ನು ವೇದಿಕೆಗೆ ಕರೆದು ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಆಡಳಿತ ಮಂಡಳಿಯ ಅಧ್ಯಕ್ಷರ ಉದ್ದನೆಯ ಭಾಷಣ, ಶಿರಾ, ಉಪ್ಪಿಟ್ಟು, ಮನೆಗೆ ಹೋಗುವುದು.

ಮೇಡಂ ಪ್ರಿನ್ಸಿಪಾಲರಾದ ವರ್ಷ ಅದಕ್ಕೊಂದು ನಿಯಮ ಸೇರಿಸಿದರು. ಶಾಲು ಹೊದ್ದವರು ವೇದಿಕೆ ಇಳಿಯುವ ಮುಂಚೆ ಕಾಲೇಜಿನ ಬಗ್ಗೆ ಒಂದು ತಕರಾರು ಹೇಳಬೇಕು. ಎಲ್ಲರೂ ಇದು ತಮಾಷೆ ಅಂದುಕೊಂಡರಂತೆ. ಮೊದಲು ಶಾಲು ಹೊದ್ದ ಆಟದ ಮೇಷ್ಟ್ರು ಮೈಕಿನ ಮುಂದೆ ನಿಂತು ಕೈ ಮುಗಿದು, "ಎಲ್ಲಾ ಛಲೋ ಐತ್ರಿ" ಅಂದರು.

"ಹಂಗಾರ ಶಾಲು ವಾಪಸ್ ಕೊಡ್ರಿ" ಅಂತ ಮೇಡಂ ಕೈ ಚಾಚಿದರು. ಸಭೆ ಗೊಳ್ಳೆಂದು ನಕ್ಕಿತು. ಅವರು ನಗಲಿಲ್ಲ, ಚಾಚಿದ ಕೈಯನ್ನೂ ಹಿಂದಕ್ಕೆ ತೆಗೆಯಲಿಲ್ಲ. ಮೇಷ್ಟ್ರು ಆ ಕಡೆ ಈ ಕಡೆ ನೋಡಿ, ಶಾಲನ್ನು ಗಟ್ಟಿಯಾಗಿ ಹಿಡಿದುಕೊಂಡು, "ನಮ್ಮ ಮೈದಾನದಾಗ ಅಧ್ಯಕ್ಷರ ಗೋವಿನಜೋಳ ಒಣಗಾಕತ್ತೈತ್ರಿ. ಹುಡುಗ್ರು ಎಲ್ಲಿ ಆಡಬೇಕ್ರಿ?" ಅಂದುಬಿಟ್ಟರು. ಅಧ್ಯಕ್ಷರು ಪಕ್ಕದ ಕುರ್ಚಿಯಲ್ಲೇ ಇದ್ದರು. ಮುಖ ಕೆಂಪಗಾಯಿತು. ಸ್ವಲ್ಪ ಹೊತ್ತಿಗೆ ಅವರೇ ಮೊದಲು ನಕ್ಕರು. ಆ ವಾರದಲ್ಲೇ ಮೈದಾನ ಖಾಲಿಯಾಯಿತಂತೆ. ಈ ಕತೆಯನ್ನು ನನಗೆ ಹೇಳದ ಸಿಬ್ಬಂದಿಯೇ ಇರಲಿಲ್ಲ.

ಸಮಾರಂಭ ಮುಗಿದ ಮೇಲೆ, ಅತಿಥಿಗಳನ್ನು ಕಳಿಸಿ, ಸಂಜೆ ನಾವೆಲ್ಲ ಲ್ಯಾಬಿನಲ್ಲಿ ಸೇರುತ್ತಿದ್ದೆವು. ಮಂಡಕ್ಕಿ, ಮಿರ್ಚಿ, ಚಹಾ. ಬಂದ ತಕರಾರುಗಳನ್ನು ಒಂದೊಂದಾಗಿ ಎತ್ತಿಕೊಂಡು ಮುಂದಿನ ದೀಪಾವಳಿಯೊಳಗೆ ಸರಿಮಾಡುವವರು ಯಾರು ಅಂತ ಹಂಚಿಕೊಳ್ಳಬೇಕು. ಅಲ್ಲಿಯೂ ಒಂದು ಕಟ್ಟಳೆ ಇತ್ತು. ತಕರಾರು ಹೇಳಿದವರು ಆ ಕೆಲಸ ತೆಗೆದುಕೊಳ್ಳುವಂತಿಲ್ಲ, ಬೇರೆ ಯಾರಾದರೂ ತೆಗೆದುಕೊಳ್ಳಬೇಕು. ನನಗೆ ಇದು ವಿಚಿತ್ರ ಅನ್ನಿಸಿ ಮೇಡಂ ಅವರನ್ನು ಕೇಳಿದೆ. "ಹೇಳಿದವರ ಹೆಗಲಿಗೇ ಹೇರಿದ್ರ ಮುಂದಿನ ವರ್ಷ ಯಾರರ ಬಾಯಿ ಬಿಡತಾರೇನು?" ಅಂದರು. ಆಮೇಲೆ ನಾನು ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ. ಬಾಯಿ ಬಿಟ್ಟವರಿಗೇ ಕೆಲಸ ಅಂಟಿಸಿ ಎಲ್ಲರ ಬಾಯಿ ಮುಚ್ಚಿಸುವುದನ್ನು ಕಂಡಾಗಲೆಲ್ಲ ಮೇಡಂ ನೆನಪಾಗುತ್ತಾರೆ.

ನಾನು ಸೇರಿದ ಮರುವರ್ಷ ನಮ್ಮ ವಿಜ್ಞಾನ ವಿಭಾಗಕ್ಕೆ ಕುತ್ತು ಬಂತು. ಬಿಎಸ್ಸಿಗೆ ಸೇರಿದ ಹುಡುಗಿಯರು ನಡುವೆಯೇ ಬಿಟ್ಟು ಹೋಗುತ್ತಿದ್ದರು. ಹೀಗೇ ಆದರೆ ಬರುವ ವರ್ಷದಿಂದ ವಿಭಾಗ ಮುಚ್ಚುವುದು ಅಂತ ಆಡಳಿತ ಮಂಡಳಿ ಹೇಳಿಬಿಟ್ಟಿತ್ತು. ನಮ್ಮಂಥವರ ಕೆಲಸ ಹೋಗುವ ಮಾತು ಒಂದು ಕಡೆ. ಹಿರೇಕೆರೂರಿನ ತನಕ ಮಗಳನ್ನು ಕಳಿಸಲು ಒಪ್ಪಿದ ಮನೆಗಳು ವಿಜ್ಞಾನ ಓದಲು ಹಾವೇರಿಗೆ ಕಳಿಸುತ್ತಿರಲಿಲ್ಲ. ಇಲ್ಲಿ ಮುಚ್ಚಿದರೆ ಆ ಹುಡುಗಿಯರ ಓದು ಅಲ್ಲಿಗೇ ಮುಗಿಯಿತು. ಸ್ಟಾಫ್ ರೂಮಿನಲ್ಲಿ ನಾವು ಕಾರಣ ಹುಡುಕುತ್ತಿದ್ದೆವು. ಮೊಬೈಲು ಅಂದರು, ಮದುವೆ ಅಂದರು, ಈಗಿನ ಮಕ್ಕಳಿಗೆ ಓದು ಬೇಡ ಅಂದರು.

ಕಾರಣ ನನ್ನ ಲ್ಯಾಬಿನ ಕಿಟಕಿಯಿಂದ ದಿನಾ ಕಾಣುತ್ತಿತ್ತು. ನಮ್ಮ ಕಾಲೇಜಿನ ಗಂಟೆ ಬೆಳಗ್ಗೆ ಬೇಗ ಹೊಡೆಯುತ್ತಿತ್ತು. ಹಾವೇರಿಯಿಂದ ಓಡಾಡುವ ಮೇಷ್ಟ್ರುಗಳು ಪಾಠ ಮುಗಿಸಿ ಮಧ್ಯಾಹ್ನದ ಬಸ್ಸು ಹಿಡಿಯಲಿ ಅಂತ ಯಾವ ಕಾಲದಲ್ಲೋ ಮಾಡಿಟ್ಟ ವೇಳಾಪಟ್ಟಿ ಅದು. ಅಬಲೂರು ಕಡೆಯ ಬಸ್ಸು ಬರುತ್ತಿದ್ದುದು ಗಂಟೆ ಹೊಡೆದ ಮೇಲೆ. ಹುಡುಗಿಯರು ಇಳಿದು ಓಡಿ ಬರುವಷ್ಟರಲ್ಲಿ ಗೇಟಿಗೆ ಕೀಲಿ. ಗಂಟೆಯ ಜೊತೆಗೇ ಗೇಟು ಮುಚ್ಚಬೇಕು ಅನ್ನುವುದು ಮೇಡಂ ತಂದ ಶಿಸ್ತು, ಅದರ ಬಗ್ಗೆ ಅವರಿಗೆ ಬಹಳ ಹೆಮ್ಮೆ. ಮೊದಲ ಪಿರಿಯಡ್ಡಿನಲ್ಲಿ ಹಿಂದಿನ ಕಟ್ಟಡದಲ್ಲಿ ಪಾಠ ಮಾಡುತ್ತಿದ್ದ ಅವರು ಮುಂದಿನ ಗೇಟಿನ ಹೊರಗೆ ಯಾರು ನಿಂತಿದ್ದಾರೆ ಅಂತ ಒಮ್ಮೆಯೂ ನೋಡಿರಲಿಲ್ಲ.

ಆ ವರ್ಷ ಸಿಬ್ಬಂದಿ ದಿನಕ್ಕೆ ನನ್ನನ್ನೂ ಕರೆದರು. ಶಾಲು ಹೊದಿಸಿದವರು ಮೇಡಮ್ಮೇ. ನನ್ನ ಕೆಲಸ ಮುಂದುವರಿಯುವುದು ಅವರ ಒಂದು ಸಹಿಯ ಮೇಲೆ ನಿಂತಿತ್ತು. ಆದರೂ ಹೇಳಿದೆ.

"ನನ್ನ ತಕರಾರು ಗೇಟಿಂದ್ರಿ ಮೇಡಂ. ಬಸ್ಸಿನ ಹುಡುಗ್ಯಾರು ಓಡಿ ಬರೂದ್ರಾಗ ನಾವು ಕೀಲಿ ಹಾಕಿರತೇವಿ. ಅವ್ರು ವಾಪಸ್ ಹೋಗತಾರ. ವಿಭಾಗ ಖಾಲಿ ಆಗಾಕತ್ತೈತಿ ಅಂತ ನಾವು ಒಳಗ ಕುಂತು ಅಳಾಕತ್ತೇವಿ."

"ಕೀಲಿ ಹಾಕ್ಸಿದ್ದು ಯಾರು?" ಅಂತ ಮೇಡಂ ಕೇಳಿದರು.

"ನೀವ್ರಿ."

ಅವರು ನನ್ನನ್ನೇ ನೋಡಿದರು. ನನ್ನ ಹೆಗಲಿನಿಂದ ಜಾರುತ್ತಿದ್ದ ಶಾಲನ್ನು ಎಳೆದು ಸರಿ ಮಾಡಿ, "ಇದು ಖರೇ ತಕರಾರು. ಕುಂದ್ರು ಹೋಗವಾ" ಅಂದರು. ಸಂಜೆ ಲ್ಯಾಬಿನಲ್ಲಿ ಗೇಟಿನ ಮಾತು ಬಂದಾಗ ಎಲ್ಲರೂ ಮಂಡಕ್ಕಿಯ ಕಡೆ ಮುಖ ಮಾಡಿದರು. "ನಾ ತಗೊಂಡೇನಿ" ಅಂದರು ಮೇಡಂ.

ಮಾರನೆಯ ಬೆಳಗ್ಗೆ ಅವರು ಗೇಟಿನ ಹೊರಗೆ ಹೋಗಿ ನಿಂತರು. ಬಸ್ಸು ಬಂತು, ಹುಡುಗಿಯರು ಓಡಿ ಬಂದರು. ಗೇಟಿನ ಮುಂದೆ ಪ್ರಿನ್ಸಿಪಾಲರನ್ನೇ ಕಂಡು ಹೆದರಿ ಅಲ್ಲಲ್ಲೇ ನಿಂತುಬಿಟ್ಟರು. ಮೇಡಂ ತಾವೇ ಗೇಟು ತಳ್ಳಿ ಅವರನ್ನು ಒಳಗೆ ಬಿಟ್ಟರು. ಆದರೆ ಗೇಟು ತೆರೆದರೆ ಸಾಲದು, ಮೊದಲ ಪಾಠ ಮುಗಿಯುತ್ತ ಬಂದಿರುತ್ತಿತ್ತು. ಅದೂ ಅಲ್ಲದೆ ನಮ್ಮ ಗಿರಿಜಾ ಅನ್ನುವ ಜಾಣ ಹುಡುಗಿ ಆಗಲೇ ಬರುವುದು ನಿಲ್ಲಿಸಿದ್ದಳು.

ಭಾನುವಾರ ಮೇಡಂ ನನ್ನನ್ನು ಕರೆದುಕೊಂಡು ಅಬಲೂರಿನ ಹತ್ತಿರದ ಅವಳ ಹಳ್ಳಿಗೆ ಹೊರಟರು. ಗಿರಿಜಾಳ ಅಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದ. ನೀರು ಕೊಟ್ಟ. ಆಮೇಲೆ ನೆಲ ನೋಡುತ್ತ ಹೇಳಿದ: "ಹುಡುಗಿ ಬೆಳಗ್ಗೆ ಹೋಗತಿದ್ಲು, ಮಧ್ಯಾಹ್ನದ ಒಳಗ ತಿರುಗಿ ಬರತಿದ್ಲು ಅಕ್ಕಾರ. ಗೇಟು ಹಾಕಿದ್ರು ಅಂತಿದ್ಲು. ಮಂದಿ ನಂಬತಾರೇನ್ರಿ? ಕಾಲೇಜಿಗೆ ಹೋಗತಾಳೋ ಮತ್ತೆಲ್ಲಿ ಹೋಗತಾಳೋ ಅಂತ ನನ್ನ ಮಾರಿಗೇ ಕೇಳಿದ್ರು. ಓದಿದ್ದು ಸಾಕು ಅಂದೆ."

ಬಾಗಿಲ ಹಿಂದೆ ಗಿರಿಜಾ ಬಿಕ್ಕುವುದು ಕೇಳಿಸಿತು. ಮೇಡಂ ಎದ್ದು ನಿಂತರು. "ಯಪ್ಪಾ, ನಿನ್ನ ಮಗಳು ಖರೇ ಹೇಳ್ಯಾಳ. ಗೇಟು ನಂದು, ಕೀಲಿ ನಂದು, ತಪ್ಪೂ ನಂದು. ಈ ಮಾತು ನಿಮ್ಮ ಊರ ಮಂದಿ ಮುಂದ ಹೇಳು ಅಂದ್ರ ಈಗ ಬಂದು ಹೇಳತೇನಿ" ಅಂದರು. ಅಪ್ಪ ಗಾಬರಿಯಾದ. "ಬ್ಯಾಡ್ರಿ, ಬ್ಯಾಡ್ರಿ" ಅಂತ ಕೈ ಮುಗಿದ. ಮೇಡಂ ಕೇಳಲಿಲ್ಲ. ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರ ಮುಂದೆ ಹೋಗಿ, ತಮ್ಮ ತಪ್ಪಿನಿಂದ ಈ ಊರಿನ ಹುಡುಗಿ ಗೇಟಿನ ಹೊರಗೆ ನಿಲ್ಲಬೇಕಾಯಿತು ಅಂತ ಎಲ್ಲರಿಗೂ ಕೇಳುವಂತೆ ಹೇಳಿ ಬಂದರು. ಅಷ್ಟು ಓದಿದವರು, ಅಷ್ಟು ದೊಡ್ಡ ಹುದ್ದೆಯವರು ಹಾಗೆ ತಲೆ ತಗ್ಗಿಸಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ನನಗೆ ಅಳು ಬಂತು, ಹೆಮ್ಮೆಯಿಂದ ಬಂತು. ಸೋಮವಾರ ಗಿರಿಜಾ ಬಸ್ಸಿನಲ್ಲಿದ್ದಳು.

ಬಸ್ಸನ್ನು ಬೇಗ ಬಿಡಿಸಲು ಆಗುತ್ತದೆಯೇ ಅಂತ ಮೇಡಂ ವಿಚಾರಿಸಿದರು. ಅದೇ ಬಸ್ಸು ಮಕ್ಕಳನ್ನು ಹೈಸ್ಕೂಲಿಗೆ ಬಿಟ್ಟು ಬರುತ್ತಿತ್ತು. ಅದನ್ನು ಅಲುಗಿಸಿದರೆ ಆ ಮಕ್ಕಳಿಗೆ ತೊಂದರೆ. ಹಾಗಾದರೆ ಕಾಲೇಜನ್ನೇ ಅಲುಗಿಸಬೇಕು ಅಂದರು. ಬಸ್ಸು ಬಂದ ಮೇಲೆ ಗಂಟೆ, ಸಂಜೆ ತಡವಾಗಿ ಬಿಡುವುದು. ಸ್ಟಾಫ್ ರೂಮಿನಲ್ಲಿ ಬೆಂಕಿ ಬಿದ್ದ ಹಾಗಾಯಿತು. ಹಾವೇರಿಯಿಂದ ಓಡಾಡುವ ಇಂಗ್ಲಿಷ್ ಮೇಷ್ಟ್ರು ಎದ್ದು, "ನಿಮಗೇನ್ರಿ, ನಿಮ್ಮ ಮನಿ ಇಲ್ಲೇ ಐತಿ. ನಾವು ಕತ್ತಲಾಗ ಮನಿ ಮುಟ್ಟಬೇಕೇನ್ರಿ?" ಅಂದರು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಮೇಡಂ ಸಿಟ್ಟಾಗಲಿಲ್ಲ. "ಕಡೀ ಪಿರಿಯಡ್ ಊರಾಗ ಇರೋರು ತಗೋಳೂಣು. ನಾ ದಿನಾ ತಗೋತೇನಿ. ನೀವು ನಡುವಿನ್ವು ತಗೋರಿ. ಮುಂದಿನ ದೀಪಾವಳಿಗೆ ಸರಿ ಬರಲಿಲ್ಲಂದ್ರ ಶಾಲು ಹೊದ್ದು ನನ್ನ ಮ್ಯಾಲೆ ತಕರಾರು ಹೇಳ್ರಿ" ಅಂದರು.

ಮೇಷ್ಟ್ರು ಕೆಲವು ವಾರ ಗೊಣಗಿದರು. ಆಮೇಲೆ ಒಂದು ದಿನ ಸ್ಟಾಫ್ ರೂಮಿನಲ್ಲಿ ಹೊಟ್ಟೆ ಸವರಿಕೊಳ್ಳುತ್ತ, "ಏನರ ಅನ್ರಿ, ಈಗ ಮನಿಯಾಗ ಬಿಸಿ ರೊಟ್ಟಿ ತಿಂದು ಬರ್ತೇನ್ರಿ" ಅಂದರು. ಅಲ್ಲಿಂದ ಹೊಸ ವೇಳಾಪಟ್ಟಿಯನ್ನು ಯಾರಾದರೂ ಬೈದರೆ ಜಗಳಕ್ಕೆ ನಿಲ್ಲುತ್ತಿದ್ದವರು ಅವರೇ. ಬಿಟ್ಟು ಹೋಗಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಮರಳಿದರು. ಜೂನ್ ತಿಂಗಳಲ್ಲಿ ಬಿಎಸ್ಸಿಗೆ ಸೇರಲು ಬಂದವರು ಆಫೀಸಿನ ಮೆಟ್ಟಿಲು ತುಂಬಿ ಅಂಗಳದಲ್ಲಿ ನಿಂತರು. ಅವರಲ್ಲಿ ಗಿರಿಜಾಳ ಊರಿನವರೇ ಒಂದು ಗುಂಪಿದ್ದರು.

ಆ ವರ್ಷದ ಸಿಬ್ಬಂದಿ ದಿನ ನನ್ನ ಜೀವನದ ಹಬ್ಬಗಳಲ್ಲೊಂದು. ಅಧ್ಯಕ್ಷರು ಎದ್ದು ನಿಂತು ವಿಜ್ಞಾನ ವಿಭಾಗ ಮುಚ್ಚುವುದಿಲ್ಲ, ಹೊಸ ಲ್ಯಾಬು ಕಟ್ಟಿಸುತ್ತೇವೆ ಅಂದಾಗ ಹುಡುಗಿಯರು ಹಾಕಿದ ಕೇಕೆಗೆ ಮೈಕು ಕೂಡ ಕುಂಯ್ ಅಂದಿತು. ಹಾವೇರಿಯ ಇಂಗ್ಲಿಷ್ ಮೇಷ್ಟ್ರು ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು. ಮೇಡಂಗೆ ಶಾಲು ಹೊದಿಸಿದೆವು. ಇಡೀ ಸಭೆ "ತಕರಾರು, ತಕರಾರು" ಅಂತ ಕೂಗಿತು. ಅವರು ಮೈಕಿನ ಮುಂದೆ ಬಂದರು. ಕಣ್ಣು ತುಂಬಿತ್ತು, ದನಿ ಮಾತ್ರ ಯಾವಾಗಿನ ಹಾಗೇ ಗಟ್ಟಿ.

"ಬಿಎಸ್ಸಿ ಕ್ಲಾಸಿನ್ಯಾಗ ಹುಡುಗ್ಯಾರಿಗೆ ಕುಂದ್ರಾಕ ಬೆಂಚು ಸಾಲವಲ್ವು. ಇಂಥಾ ತಕರಾರು ಹೇಳಬೇಕಂತ ಭಾಳ ವರ್ಷ ಕಾದಿದ್ದೆ. ಅಧ್ಯಕ್ಷರ, ಇದು ನೀವು ತಗೋರಿ."

ಅಧ್ಯಕ್ಷರು ನಗುತ್ತ ಕೈ ಎತ್ತಿದರು. ಸಂಜೆ ಲ್ಯಾಬಿನಲ್ಲಿ ಮಿರ್ಚಿ ತಿನ್ನಲು ಅವರೂ ಬಂದು ಕೂತರು.

ಮೇಡಂ ನಿವೃತ್ತರಾಗಿ ಹತ್ತಿಮತ್ತೂರಿಗೆ, ತಮ್ಮನ ಮನೆಗೆ ಹೋದರು. ಅಷ್ಟರಲ್ಲಿ ನನ್ನ ಕೆಲಸ ಕಾಯಂ ಆಗಿತ್ತು, ಈಗ ವಿಜ್ಞಾನ ವಿಭಾಗ ನನ್ನ ಕೈಯಲ್ಲಿದೆ. ಫೋನು ಮಾಡಿ ಹೊಸ ಲ್ಯಾಬು ಶುರುವಾಯಿತು ಅಂದರೆ, "ಛಲೋ ಆತು. ಮುಂದ?" ಅನ್ನುತ್ತಿದ್ದರು. ಗಿರಿಜಾ ಶಿಗ್ಗಾವಿಯಲ್ಲಿ ಹೈಸ್ಕೂಲು ಟೀಚರಾದಳು ಅಂದಾಗ ಮಾತ್ರ ಮುಂದ ಅನ್ನಲಿಲ್ಲ. ನಾನು ಇವತ್ತು ತರಗತಿಯಲ್ಲಿ ತಲೆ ಎತ್ತಿ ನಿಂತಿದ್ದರೆ ಅದು ಅವರ ಋಣ. ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದ ಕೂಡಲೇ ನಾನು ಮುಂದಾಗಿ ಹೋದೆ. ಹುಡುಗಿಯರು, ಓದಿ ಹೋದವರು, ಸಿಬ್ಬಂದಿ ಎಲ್ಲ ಬಸ್ಸು ಮಾಡಿಕೊಂಡು ಹಿಂದೆ ಹೊರಟಿದ್ದರು. ಹತ್ತಿಮತ್ತೂರಿನ ಮನೆಯ ಮುಂದೆ ಜನ ಸೇರಿತ್ತು. ಮನೆತನದ ಪದ್ಧತಿಯಂತೆ ಮೇಡಂ ಅವರನ್ನು ಕೂರಿಸಿ ಹೂ ಏರಿಸಿದ್ದರು. ಸಂಜೆಯಾಗುತ್ತ ಬಂತು, ಮೋಡ ಕವಿಯಿತು. ಪೂಜೆಗೆ ಬಂದ ಅಯ್ಯನವರು, "ಹೊತ್ತಾತು, ಇನ್ನ ಎತ್ರಿ" ಅಂದರು. ನಾನು ಮೇಡಂ ಅವರ ತಮ್ಮನಿಗೆ, ಬಸ್ಸು ಹಾವೇರಿ ದಾಟಿದೆಯಂತೆ ಅಂತ ಮೆಲ್ಲಗೆ ಹೇಳಿದೆ. ಅವರು ಅಯ್ಯನವರ ಕಡೆ ತಿರುಗಿದರು.

"ಬಸ್ಸಿನ ಹುಡುಗ್ಯಾರು ಬರೂತನಕ ನಮ್ಮ ಅಕ್ಕ ಕಾಲೇಜು ಸುರು ಮಾಡತಿದ್ದಿಲ್ರಿ. ಇವತ್ತೂ ಮಾಡೂದು ಬ್ಯಾಡ."

ಇಡೀ ಓಣಿ ಕಾದು ನಿಂತಿತು. ಬಸ್ಸು ಬಂದು ಊರ ಮುಂದೆ ನಿಂತಾಗ, ಇಳಿದ ಹುಡುಗಿಯರು, ಅವರ ಮುಂದೆ ಗಿರಿಜಾ, ಕೆಸರಿನಲ್ಲಿ ಸೀರೆ ಚೂಡಿದಾರ ಎತ್ತಿಕೊಂಡು ನಮ್ಮ ಕಡೆ ಓಡತೊಡಗಿದರು. ಓಣಿ ತುಂಬ ಅವರೇ. ಮೇಡಂ ಅವರ ತಮ್ಮ ಕೈ ಎತ್ತಿ ಕೂಗಿದರು.

"ಓಡಬ್ಯಾಡ್ರಿ ಯವ್ವಾ. ನಿಮ್ಮ ಸಲುವಾಗೇ ನಿಂತೇವಿ."